10 ಕೋಟಿಯೋ, 21 ಕೋಟಿಯೋ? ದೇಶದ ಶುಗರ್ ಲೆಕ್ಕ ಯಾಕೆ ಕೂಡುತ್ತಿಲ್ಲ

2023ರ ಜೂನ್‌ನಲ್ಲಿ ಬಂದ ಸುದ್ದಿ: ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. 2024ರ ನವೆಂಬರ್‌ನಲ್ಲಿ ಬಂದದ್ದು: 21.2 ಕೋಟಿ, ಜಗತ್ತಿನಲ್ಲೇ ಎಲ್ಲರಿಗಿಂತ ಜಾಸ್ತಿ. 2025ರಲ್ಲಿ ಮತ್ತೊಂದು ವರದಿ: 8.98 ಕೋಟಿ, ಚೀನಾದ ನಂತರ ನಾವು ಎರಡನೆಯವರು.

ಓದುವವರಿಗೆ ತಲೆ ಕೆಡುವುದು ಸಹಜ. ಒಂದೂವರೆ ವರ್ಷದಲ್ಲಿ 11 ಕೋಟಿ ಜನಕ್ಕೆ ಹೊಸದಾಗಿ ಶುಗರ್ ಬಂತಾ? ಮರುವರ್ಷ 12 ಕೋಟಿ ಜನಕ್ಕೆ ವಾಸಿಯಾಯಿತಾ? ಎರಡೂ ಆಗಿಲ್ಲ. ಹಾಗಂತ ಯಾರೋ ಸುಳ್ಳು ಹೇಳಿದ್ದಾರೆ ಅಂತಲೂ ಅಲ್ಲ. ಅಳೆಯುವ ಕೋಲು ಬದಲಾಗಿದೆ. ಆ ಕೋಲುಗಳ ವ್ಯತ್ಯಾಸ ತಿಳಿದರೆ ನಿಮ್ಮ ಕೈಯಲ್ಲಿರುವ ಲ್ಯಾಬ್ ರಿಪೋರ್ಟ್ ಕೂಡ ಸುಲಭವಾಗಿ ಅರ್ಥವಾಗುತ್ತದೆ.

ಮೂರು ಸಂಖ್ಯೆ, ಮೂರು ಮನೆ

ಮೊದಲನೆಯದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಣ ಕೊಟ್ಟು ನಡೆಸಿದ 'ಇಂಡಿಯಾಬ್' ಸಮೀಕ್ಷೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಇದರ ಮುಂದಾಳು. 2008ರಿಂದ 2020ರವರೆಗೆ 31 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ, 20 ವರ್ಷ ದಾಟಿದ 1,13,043 ಜನರನ್ನು ಅವರವರ ಊರಿಗೇ ಹೋಗಿ ಪರೀಕ್ಷಿಸಿದರು. ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ನೂ ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದರು. ಆ ಹೊಸ್ತಿಲಿನ ಸ್ಥಿತಿಯನ್ನೇ ಡಾಕ್ಟರು ಪ್ರೀಡಯಾಬಿಟಿಸ್ ಅನ್ನುತ್ತಾರೆ, ಜನ 'ಬಾರ್ಡರ್‌ನಲ್ಲಿದೆ' ಅನ್ನುತ್ತಾರೆ. 2021ರ ಜನಸಂಖ್ಯೆಗೆ ಇದನ್ನು ಹೊಂದಿಸಿದಾಗ 10.1 ಕೋಟಿ ಮತ್ತು 13.6 ಕೋಟಿ ಬಂತು.

ಎರಡನೆಯದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮುಂದೆ ನಿಂತು, ವಿಶ್ವ ಆರೋಗ್ಯ ಸಂಸ್ಥೆಯ ಜತೆಗೂಡಿ ನಡೆಸುವ ಅಂತರರಾಷ್ಟ್ರೀಯ ಜಾಲದ ಲೆಕ್ಕ. ಇವರು ಹೊಸದಾಗಿ ಮನೆಮನೆಗೆ ಹೋದವರಲ್ಲ. ಜಗತ್ತಿನಾದ್ಯಂತ ಆಗಲೇ ನಡೆದಿದ್ದ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿ, 2022ರಲ್ಲಿ ಯಾವ ದೇಶದಲ್ಲಿ ಎಷ್ಟು ಜನ ಎಂದು ಅಂದಾಜು ಮಾಡಿದರು. ಜಗತ್ತಿಗೆ 82.8 ಕೋಟಿ, ಭಾರತಕ್ಕೆ 21.2 ಕೋಟಿ.

ಮೂರನೆಯದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಟ್ಲಾಸ್. ಇದರಲ್ಲಿ 20ರಿಂದ 79 ವರ್ಷದವರನ್ನಷ್ಟೇ ಎಣಿಸುತ್ತಾರೆ. ಆರಿಸಿಕೊಳ್ಳುವ ಅಧ್ಯಯನಗಳು ಬೇರೆ, ಲೆಕ್ಕದ ಸೂತ್ರವೂ ಬೇರೆ. 8.98 ಕೋಟಿ ಬಂದದ್ದು ಇಲ್ಲಿಂದ.

10.1ಕ್ಕೂ 8.98ಕ್ಕೂ ಇರುವ ಅಂತರ ದೊಡ್ಡದಲ್ಲ, ವಯಸ್ಸಿನ ಮಿತಿ ಮತ್ತು ಸೂತ್ರದಿಂದ ಅಷ್ಟು ಹೆಚ್ಚುಕಡಿಮೆ ಆಗಬಹುದು. ನಿಜವಾದ ಜಗಳ ಇರುವುದು 10 ಮತ್ತು 21ರ ನಡುವೆ.

ಒಂದೇ ರಕ್ತ, ಮೂರು ಉತ್ತರ

ಒಂದು ಉದಾಹರಣೆ ತೆಗೆದುಕೊಳ್ಳೋಣ. 45 ವರ್ಷದ ಒಬ್ಬ ಮಹಿಳೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವರ ಶುಗರ್ 118. ಆಮೇಲೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ನೋಡಿದರೆ 172. ಎಚ್‌ಬಿಎ1ಸಿ ಅಂದರೆ 'ಮೂರು ತಿಂಗಳ ಶುಗರ್' 6.6. ಇನ್ನೊಂದು ದಿನ ಬೆಳಿಗ್ಗೆ 11 ಗಂಟೆಗೆ ಬೆರಳು ಚುಚ್ಚಿ ನೋಡಿದಾಗ 136.

ಇವರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗೆ ಸಿಕ್ಕರೆ ಅಲ್ಲಿ ನೋಡುವುದು ಯಾವುದೋ ಹೊತ್ತಿನ ಶುಗರ್. 140 ದಾಟಿದರೆ ಮಾತ್ರ 'ಹೆಚ್ಚು' ಎಂದು ಬರೆದುಕೊಳ್ಳುತ್ತಾರೆ. 136 ಇರುವುದರಿಂದ ಇವರು ಆರೋಗ್ಯವಂತರು.

ಇಂಡಿಯಾಬ್ ತಂಡಕ್ಕೆ ಸಿಕ್ಕರೆ ಅವರು ಖಾಲಿ ಹೊಟ್ಟೆಯ ಶುಗರ್ ಮತ್ತು ಗ್ಲೂಕೋಸ್ ಕುಡಿದ ಎರಡು ಗಂಟೆಯ ಶುಗರ್ ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಕಾಯಿಲೆ, 110ರಿಂದ 125 ಇದ್ದರೆ ಬಾರ್ಡರ್. ಇವರದು 118. ಹಾಗಾಗಿ ಪ್ರೀಡಯಾಬಿಟಿಸ್.

ಲಂಡನ್ ಜಾಲದ ಲೆಕ್ಕದಲ್ಲಿ ಖಾಲಿ ಹೊಟ್ಟೆಯ ಶುಗರ್ 126 ಇದ್ದರೂ ಸರಿ, ಎಚ್‌ಬಿಎ1ಸಿ 6.5 ಇದ್ದರೂ ಸರಿ, ಎರಡರಲ್ಲಿ ಒಂದು ಮುಟ್ಟಿದರೆ ಸಾಕು. ಇವರದು 6.6. ಹಾಗಾಗಿ ಸಕ್ಕರೆ ಕಾಯಿಲೆ.

ಮನುಷ್ಯರು ಒಬ್ಬರೇ, ರಕ್ತವೂ ಅದೇ. ಆದರೆ ಒಂದು ಪಟ್ಟಿಯಲ್ಲಿ ಹೆಸರೇ ಇಲ್ಲ, ಇನ್ನೊಂದರಲ್ಲಿ ಬಾರ್ಡರ್, ಮತ್ತೊಂದರಲ್ಲಿ ಕಾಯಿಲೆ. ಇಂಥವರು ಕೋಟಿಗಟ್ಟಲೆ ಇರುವ ದೇಶದಲ್ಲಿ ಒಟ್ಟು ಲೆಕ್ಕ ಕೂಡುವುದು ಹೇಗೆ ಅಲ್ವಾ?

ಹಾಗಂತ ಇಂಡಿಯಾಬ್ ಕೋಲು ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ ಎಂದುಕೊಳ್ಳಬಾರದು. ಇನ್ನೊಬ್ಬರ ಖಾಲಿ ಹೊಟ್ಟೆಯ ಶುಗರ್ 119, ಎಚ್‌ಬಿಎ1ಸಿ 6.2. ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಮಾತ್ರ 230ಕ್ಕೆ ಹಾರುತ್ತದೆ. ಇವರು ಇಂಡಿಯಾಬ್‌ನಲ್ಲಿ ಕಾಯಿಲೆಯವರು, ಲಂಡನ್ ಲೆಕ್ಕದಲ್ಲಿ ಅಲ್ಲ. ಉಂಡ ಮೇಲೆ ಮಾತ್ರ ಶುಗರ್ ಏರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಯಾರ ಮಾತು ಸರಿ?

ನಮ್ಮ ದೇಶದ ಕೆಲವು ಮಧುಮೇಹ ತಜ್ಞರು 21 ಕೋಟಿಯನ್ನು ಒಪ್ಪುವುದಿಲ್ಲ. ಅವರ ವಾದ ಸರಳ. ಎಚ್‌ಬಿಎ1ಸಿ ಪರೀಕ್ಷೆ ನೋಡುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು. ಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೇ ಇದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಆದರೆ ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಹೊಸ ಕಣ ಹುಟ್ಟುವುದು ನಿಧಾನವಾಗುತ್ತದೆ, ಹಳೆಯ ಕಣಗಳೇ ಹೆಚ್ಚು ಉಳಿಯುತ್ತವೆ. ಹೆಚ್ಚು ದಿನ ಇದ್ದ ಕಣಕ್ಕೆ ಹೆಚ್ಚು ಸಕ್ಕರೆ ಅಂಟಿರುತ್ತದೆ. ಹಾಗಾಗಿ ಶುಗರ್ ಅಷ್ಟಿಲ್ಲದಿದ್ದರೂ ಸಂಖ್ಯೆ ಸ್ವಲ್ಪ ಮೇಲೆ ಕಾಣಬಹುದು. ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇಂಥ ದೇಶದಲ್ಲಿ ಎಚ್‌ಬಿಎ1ಸಿಯನ್ನೇ ನಂಬಿ ಎಣಿಸಿದರೆ ಲೆಕ್ಕ ಉಬ್ಬುತ್ತದೆ ಎಂಬುದು ಅವರ ಆಕ್ಷೇಪ.

ಇನ್ನೊಂದು ಕಡೆಯವರ ಮಾತಿನಲ್ಲೂ ಹುರುಳಿದೆ. ಜಗತ್ತಿನ ಆಸ್ಪತ್ರೆಗಳಲ್ಲಿ ಇವತ್ತು ಕಾಯಿಲೆ ಗುರುತಿಸುವುದು ಹೆಚ್ಚಾಗಿ ಎಚ್‌ಬಿಎ1ಸಿಯಿಂದಲೇ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುವ ಪರೀಕ್ಷೆಗೆ ಹೊತ್ತು ಬೇಕು, ಜನ ಕಾಯುವುದಿಲ್ಲ. ಬರೀ ಖಾಲಿ ಹೊಟ್ಟೆಯ ಶುಗರ್ ನೋಡಿದರೆ ದಕ್ಷಿಣ ಏಷ್ಯಾದ ಎಷ್ಟೋ ರೋಗಿಗಳು ತಪ್ಪಿಹೋಗುತ್ತಾರೆ. ಇಂಡಿಯಾಬ್‌ನ ಕ್ಷೇತ್ರ ಕೆಲಸ ಶುರುವಾದದ್ದು 2008ರಲ್ಲಿ ಎಂಬುದೂ ಮುಖ್ಯ. ಮೊದಲ ಹಂತದಲ್ಲಿ ನೋಡಿದ ರಾಜ್ಯಗಳ ಅಂಕಿ ಈಗ ಹಳತು.

ಎರಡೂ ಕಡೆಯವರು ಬಲ್ಲ ಇನ್ನೊಂದು ಸಂಗತಿ ಸುದ್ದಿಯಲ್ಲಿ ಬರುವುದೇ ಇಲ್ಲ. ಸಮೀಕ್ಷೆಯವರು ಒಬ್ಬರ ರಕ್ತ ಒಂದೇ ಸಲ ತೆಗೆಯುತ್ತಾರೆ. ಆದರೆ ಲಕ್ಷಣಗಳಿಲ್ಲದ ಮನುಷ್ಯನಿಗೆ ಒಂದೇ ರಿಪೋರ್ಟ್ ನೋಡಿ 'ನಿಮಗೆ ಸಕ್ಕರೆ ಕಾಯಿಲೆ' ಎಂದು ಹೇಳುವಂತಿಲ್ಲ. ಎರಡನೇ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು ಎಂಬುದು ನಿಯಮ. ಅಂದರೆ ಸಮೀಕ್ಷೆಯ ಸಂಖ್ಯೆ ದೇಶದ ಗಾತ್ರ ಅಳೆಯಲು ಇರುವುದೇ ಹೊರತು ಒಬ್ಬೊಬ್ಬರ ಹಣೆಗೆ ಚೀಟಿ ಅಂಟಿಸಲು ಅಲ್ಲ.

ನನಗೆ ಅನಿಸುವುದು ಇಷ್ಟು: ಎರಡು ಸಂಖ್ಯೆಗಳ ನಡುವೆ ಉಳಿದ ಆ 11 ಕೋಟಿ ಜನ ಕಾಲ್ಪನಿಕ ಜನರಲ್ಲ. ಅವರಲ್ಲಿ ಬಹುಪಾಲು ಜನ ಮೇಲಿನ ಮಹಿಳೆಯ ಹಾಗೆ ಗೆರೆಯ ಆಸುಪಾಸಿನಲ್ಲಿ ನಿಂತವರು. ಅವರನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂದು ತಜ್ಞರು ವಾದಿಸಲಿ. ಅವರಿಗೆ ಏನು ಮಾಡಬೇಕು ಎಂಬುದರಲ್ಲಿ ಅಷ್ಟೇನೂ ಭಿನ್ನಾಭಿಪ್ರಾಯ ಇಲ್ಲ.

ಬಾರ್ಡರ್ ಅಂದರೆ ಕಾಯಿಲೆಯಾ?

ಇಲ್ಲೂ ಒಂದು ಗೆರೆಯ ತಕರಾರಿದೆ. ವಿಶ್ವ ಆರೋಗ್ಯ ಸಂಸ್ಥೆ ಖಾಲಿ ಹೊಟ್ಟೆಯ ಶುಗರ್ 110 ದಾಟಿದರೆ ಬಾರ್ಡರ್ ಅನ್ನುತ್ತದೆ. ಅಮೆರಿಕದ ಡಯಾಬಿಟಿಸ್ ಸಂಘ 2003ರಲ್ಲಿ ಅದನ್ನು 100ಕ್ಕೆ ಇಳಿಸಿತು. ಇಂಡಿಯಾಬ್‌ನ ಶೇ. 15.3 ಬಂದದ್ದು 110ರ ಗೆರೆಯಿಂದ. 100ರ ಗೆರೆ ಹಾಕಿದರೆ ಇನ್ನೂ ಎಷ್ಟೋ ಕೋಟಿ ಜನ ಒಳಗೆ ಬರುತ್ತಾರೆ. ನಿಮ್ಮ ಲ್ಯಾಬ್ ರಿಪೋರ್ಟ್‌ನಲ್ಲಿ 104ರ ಪಕ್ಕ ನಕ್ಷತ್ರದ ಗುರುತು ಇದ್ದು, ಡಾಕ್ಟರು 'ಪರವಾಗಿಲ್ಲ' ಎಂದಿದ್ದರೆ ಕಾರಣ ಈ ಎರಡು ಗೆರೆಗಳೇ.

2014ರಲ್ಲಿ ಲಂಡನ್ನಿನ ಜಾನ್ ಯುಡ್ಕಿನ್ ಮತ್ತು ಅಮೆರಿಕದ ವಿಕ್ಟರ್ ಮೊಂಟೋರಿ ಎಂಬ ಇಬ್ಬರು ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರೀಡಯಾಬಿಟಿಸ್ ಎಂಬ ಚೀಟಿಯನ್ನೇ ಪ್ರಶ್ನಿಸಿದರು. ಆರೋಗ್ಯವಾಗಿರುವ ಕೋಟ್ಯಂತರ ಜನರನ್ನು ರೋಗಿಗಳನ್ನಾಗಿ ಮಾಡುತ್ತಿದ್ದೇವೆ, ಇವರಲ್ಲಿ ಎಷ್ಟೋ ಜನಕ್ಕೆ ಕಾಯಿಲೆ ಬರುವುದೇ ಇಲ್ಲ, ದುಡ್ಡನ್ನು ಗುಳಿಗೆಗೆ ಸುರಿಯುವ ಬದಲು ಊಟ, ನಡಿಗೆ, ಊರಿನ ವಾತಾವರಣ ಸರಿಮಾಡಲು ಬಳಸಿ ಎಂಬ ಧಾಟಿ ಅವರದು. ಇದು ತಳ್ಳಿಹಾಕುವ ಮಾತಲ್ಲ. ಹೆದರಿಸಿ ಔಷಧಿ ಮಾರುವ ಅಪಾಯ ನಿಜಕ್ಕೂ ಇದೆ.

ಆದರೆ ನಮ್ಮ ದೇಶದ ಅಂಕಿ ಬೇರೆ ಕಥೆ ಹೇಳುತ್ತದೆ. ಚೆನ್ನೈನಲ್ಲಿ ಬಾರ್ಡರ್‌ನಲ್ಲಿದ್ದವರನ್ನು ಸುಮಾರು 9 ವರ್ಷದ ಬಳಿಕ ಮತ್ತೆ ಹುಡುಕಿ ಪರೀಕ್ಷಿಸಿದಾಗ ಶೇ. 58.9 ಮಂದಿ ಸಕ್ಕರೆ ಕಾಯಿಲೆಗೆ ಜಾರಿದ್ದರು. ಶುರುವಿನಲ್ಲಿ ಶುಗರ್ ಸರಿಯಿದ್ದವರಲ್ಲಿ ಜಾರಿದವರು ಶೇ. 19.4. ನಮ್ಮವರು ಬಾರ್ಡರ್‌ನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ಒಳ್ಳೆಯ ಸುದ್ದಿಯೂ ಚೆನ್ನೈನಿಂದಲೇ ಬಂದಿದೆ. ಡಾ. ಎ. ರಾಮಚಂದ್ರನ್ ಅವರ ತಂಡ 531 ಮಂದಿಯ ಮೇಲೆ ಒಂದು ಪ್ರಯೋಗ ನಡೆಸಿ 2006ರಲ್ಲಿ ಪ್ರಕಟಿಸಿತು. ಎಲ್ಲರೂ ಗ್ಲೂಕೋಸ್ ಪರೀಕ್ಷೆಯಲ್ಲಿ ಬಾರ್ಡರ್ ಬಂದವರು. ಮೂರು ವರ್ಷದಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಮಂದಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆಯ ಕಡೆ ನಿಗಾ ಇಟ್ಟು ಬೆನ್ನುಹತ್ತಿದ ಗುಂಪಿನಲ್ಲಿ ಶೇ. 39.3. ಮೆಟ್‌ಫಾರ್ಮಿನ್ ಗುಳಿಗೆ ಕೊಟ್ಟವರಲ್ಲಿ ಶೇ. 40.5. ಗುಳಿಗೆ, ನಡಿಗೆ ಎರಡೂ ಸೇರಿದವರಲ್ಲಿ ಶೇ. 39.5. ನಡಿಗೆ ಮತ್ತು ಊಟ ಮಾಡಿದ ಕೆಲಸ ಗುಳಿಗೆ ಮಾಡಿದ್ದಕ್ಕಿಂತ ಕಡಿಮೆಯೇನಲ್ಲ. ಎರಡೂ ಕೂಡಿದರೂ ಹೆಚ್ಚಿನ ಲಾಭ ಸಿಗಲಿಲ್ಲ. ಹಾಗೆ ನೋಡಿದರೆ ಯುಡ್ಕಿನ್ ಅವರ ಕಾಳಜಿಗೂ ಇಂಡಿಯಾಬ್‌ನವರ ಆತಂಕಕ್ಕೂ ಇದೇ ಪ್ರಯೋಗ ಉತ್ತರ ಕೊಡುತ್ತದೆ: ಬಾರ್ಡರ್ ಇರುವವರನ್ನು ಹುಡುಕಬೇಕು, ಆದರೆ ಹುಡುಕಿದ ತಕ್ಷಣ ಗುಳಿಗೆ ಕೊಡಬೇಕಿಲ್ಲ.

ಹಳ್ಳಿಯ ಲೆಕ್ಕದಲ್ಲಿ ಅಡಗಿರುವುದು

ಐಸಿಎಂಆರ್ 1970ರ ದಶಕದಲ್ಲಿ ಮೊದಲ ಬಾರಿ ಎಣಿಸಿದಾಗ ಪಟ್ಟಣದಲ್ಲಿ ಶೇ. 2.1, ಹಳ್ಳಿಯಲ್ಲಿ ಶೇ. 1.5 ಸಿಕ್ಕಿತ್ತು. ಆಗಿನ ಪರೀಕ್ಷೆ, ಆಗಿನ ಗೆರೆ ಬೇರೆ. ಆದರೂ ಎಲ್ಲಿಂದ ಎಲ್ಲಿಗೆ ಬಂದೆವು ಎಂದು ತಿಳಿಯಲು ಅದು ಸಾಕು. ಇಂಡಿಯಾಬ್‌ನಲ್ಲಿ ಪಟ್ಟಣದಲ್ಲಿ ಶೇ. 16.4, ಹಳ್ಳಿಯಲ್ಲಿ ಶೇ. 8.9.

'ಹಳ್ಳಿಯವರು ದುಡಿಯುತ್ತಾರೆ, ಅವರಿಗೆ ಶುಗರ್ ಬರಲ್ಲ' ಎಂಬ ಮಾತನ್ನು ಈ ಅಂಕಿ ಅರ್ಧ ಒಪ್ಪುತ್ತದೆ. ಮುಂದಿನ ಅಂಕಿ ಒಪ್ಪುವುದಿಲ್ಲ. ಪ್ರೀಡಯಾಬಿಟಿಸ್ ಪಟ್ಟಣದಲ್ಲಿ ಶೇ. 15.4, ಹಳ್ಳಿಯಲ್ಲಿ ಶೇ. 15.2. ಅಂದರೆ ವ್ಯತ್ಯಾಸವೇ ಇಲ್ಲ. ಇವತ್ತು ಬಾರ್ಡರ್‌ನಲ್ಲಿರುವವರು ನಾಳೆ ಕಾಯಿಲೆಯ ಪಟ್ಟಿಗೆ ಹೋಗುವವರು. ಪಟ್ಟಣದಲ್ಲಿ ಆ ಅಲೆ ಆಗಲೇ ದಡಕ್ಕೆ ಬಡಿದಿದೆ, ಹಳ್ಳಿಯಲ್ಲಿ ಈಗ ಏಳುತ್ತಿದೆ.

ರಾಜ್ಯಗಳನ್ನು ನೋಡಿದರೂ ಇದೇ ಕಾಣುತ್ತದೆ. ಗೋವಾದಲ್ಲಿ ಶೇ. 26.4, ಕೇರಳದಲ್ಲಿ ಶೇ. 25.5 ಮಂದಿಗೆ ಸಕ್ಕರೆ ಕಾಯಿಲೆ. ಉತ್ತರ ಪ್ರದೇಶದಲ್ಲಿ ಶೇ. 4.8 ಮಾತ್ರ, ದೇಶದಲ್ಲೇ ಕಡಿಮೆ. ಆದರೆ ಅಲ್ಲಿ ಬಾರ್ಡರ್‌ನಲ್ಲಿರುವವರು ಕಾಯಿಲೆ ಇರುವವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಕಡಿಮೆ ಅಂಕಿ ನೋಡಿ ಆ ರಾಜ್ಯ ಸುರಕ್ಷಿತ ಎನ್ನುವಂತಿಲ್ಲ. ಅದು ಸಾಲಿನಲ್ಲಿ ಹಿಂದೆ ನಿಂತಿದೆ ಅಷ್ಟೇ.

ಇದರ ಪರಿಣಾಮ ಏನು? ಕಾಯಿಲೆ ತಿಳಿದು ಗುಳಿಗೆ ತಿನ್ನುವವರಿಗೆ ಆಗುವ ಹಾನಿಗಿಂತ ತಿಳಿಯದೆ ಇರುವವರಿಗೆ ಆಗುವ ಹಾನಿ ಜಾಸ್ತಿ. ಶುಗರ್ 180ರ ಆಸುಪಾಸು ಮುಟ್ಟುವ ತನಕ ಮೂತ್ರಪಿಂಡ ಅದನ್ನು ತಡೆದು ವಾಪಸ್ ರಕ್ತಕ್ಕೇ ಕಳಿಸುತ್ತದೆ. ಅದನ್ನು ದಾಟಿದ ಮೇಲೆ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜತೆಗೆ ನೀರನ್ನೂ ಎಳೆಯುತ್ತದೆ. ಪದೇಪದೇ ಮೂತ್ರಕ್ಕೆ ಹೋಗುವುದು, ಬಾಯಾರುವುದು ಆಗ ಶುರು. ಅಂದರೆ 150, 160ರಲ್ಲಿ ವರ್ಷಗಟ್ಟಲೆ ಇದ್ದರೂ ಮೈಗೆ ಏನೂ ಅನಿಸುವುದಿಲ್ಲ. ಅಷ್ಟರಲ್ಲಿ ಕಣ್ಣಿನ ಪರದೆ, ಮೂತ್ರಪಿಂಡ, ಕಾಲಿನ ನರ ಸುಮ್ನೆ ಸವೆಯುತ್ತಿರುತ್ತವೆ. 45 ದಾಟಿದ ಭಾರತೀಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಐವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು, ಅವರಲ್ಲಿ ಸುಮಾರು ಶೇ. 40 ಮಂದಿಗೆ ಅದು ಗೊತ್ತೇ ಇರಲಿಲ್ಲ. ಪಟ್ಟಣದಲ್ಲಿ ಬೀದಿಗೊಂದು ಲ್ಯಾಬ್ ಇದೆ. ಹಳ್ಳಿಯಲ್ಲಿ ಗೊತ್ತಾಗುವುದು ಎಷ್ಟೋ ಸಲ ಕಾಲಿನ ಗಾಯ ಮಾಯದೆ ಹೋದಾಗಲೇ.

ಸಣ್ಣಗಿದ್ದರೂ ಯಾಕೆ?

'ನಾನು ಇಷ್ಟು ಸಣ್ಣ ಇದ್ದೀನಿ, ನನಗೆ ಹೇಗೆ ಶುಗರ್?' ಡಾಕ್ಟರ ಮುಂದೆ ದಿನಾ ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಒಂದು ಫೋಟೊದಲ್ಲಿದೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮದೇ ಫೋಟೊವನ್ನು ಒಬ್ಬ ಬ್ರಿಟಿಷ್ ಸಹೋದ್ಯೋಗಿಯ ಪಕ್ಕ ಇಟ್ಟು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಒಂದೇ: 22.3. ಆದರೆ ಬ್ರಿಟಿಷರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ಆ ಬ್ರಿಟಿಷ್ ಸಹೋದ್ಯೋಗಿ ಬೇರೆ ಯಾರೂ ಅಲ್ಲ, ಪ್ರೀಡಯಾಬಿಟಿಸ್ ಚೀಟಿಯನ್ನು ಪ್ರಶ್ನಿಸಿದ ಅದೇ ಜಾನ್ ಯುಡ್ಕಿನ್.

ನಮ್ಮವರ ಮೈಯಲ್ಲಿ ಮಾಂಸ ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಸೇರುವ ಕೊಬ್ಬು. ಊಟದಿಂದ ಬಂದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಗೋದಾಮು ಮಾಂಸಖಂಡ. ಗೋದಾಮು ಚಿಕ್ಕದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಹೊಟ್ಟೆಯ ಕೊಬ್ಬು ಇನ್ಸುಲಿನ್ ಮಾತನ್ನು ಕೇಳದ ಹಾಗೆ ಮಾಡುತ್ತದೆ. ಆಗ ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಸುರಿಸುತ್ತಾ ಕೊನೆಗೆ ದಣಿಯುತ್ತದೆ. ಅದಕ್ಕಾಗಿಯೇ ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಗೆರೆ ಹಾಕಿದ್ದಾರೆ. ತೂಕಕ್ಕಿಂತ ಸೊಂಟದ ಟೇಪು ಸತ್ಯ ಹೇಳುತ್ತದೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಇಂಡಿಯಾಬ್‌ನಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು.

ತಟ್ಟೆಯಲ್ಲಿ ಏನಿದೆ

ಸಕ್ಕರೆ ತಿಂದರೆ ಸಕ್ಕರೆ ಕಾಯಿಲೆ ಎಂಬ ನಂಬಿಕೆಯಿಂದ ಎಷ್ಟೋ ಮನೆಗಳಲ್ಲಿ ಕಾಫಿಗೆ ಸಕ್ಕರೆ ಬಿಟ್ಟು ನೆಮ್ಮದಿಯಾಗಿರುತ್ತಾರೆ. ತಟ್ಟೆಯ ಅನ್ನ ಹಾಗೇ ಇರುತ್ತದೆ. ಇಂಡಿಯಾಬ್‌ನ ಆಹಾರದ ಲೆಕ್ಕ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಶಕ್ತಿಯಲ್ಲಿ ಸುಮಾರು ಶೇ. 62 ಬರುವುದು ಪಿಷ್ಟದಿಂದ, ಅಂದರೆ ಅನ್ನ, ಗೋಧಿ, ಮೈದಾ, ಸಕ್ಕರೆಯಂಥವುಗಳಿಂದ. ಪ್ರೋಟೀನ್ ಶೇ. 12ರಷ್ಟು ಮಾತ್ರ.

ಅನ್ನದ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಪಾಲ್ಗೊಂಡ 'ಪ್ಯೂರ್' ಎಂಬ 21 ದೇಶಗಳ ಅಧ್ಯಯನ 2020ರಲ್ಲಿ ಹೇಳಿದ್ದು ಗಮನಿಸಬೇಕು. ದಿನಕ್ಕೆ 450 ಗ್ರಾಂಗೂ ಹೆಚ್ಚು ಬಿಳಿ ಅನ್ನ ಉಣ್ಣುವವರಿಗೆ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಕಾಯಿಲೆಯ ಅಪಾಯ ಶೇ. 20 ಹೆಚ್ಚು. ದಕ್ಷಿಣ ಏಷ್ಯಾದವರನ್ನಷ್ಟೇ ನೋಡಿದರೆ ಶೇ. 61. ಬೇಯಿಸಿದ ಅನ್ನದ 450 ಗ್ರಾಂ ಅಂದರೆ ಮಧ್ಯಾಹ್ನ ಒಂದು ಸಲ ಸಾರಿಗೆ, ಒಂದು ಸಲ ಮಜ್ಜಿಗೆಗೆ, ರಾತ್ರಿ ಮತ್ತೆ ಅಷ್ಟೇ. ನಮ್ಮಲ್ಲಿ ಎಷ್ಟೋ ಮನೆಗಳ ದಿನನಿತ್ಯದ ಊಟ ಅದು.

ಇಲ್ಲಿ ಕನ್ನಡಿಗರು ಕೇಳುವ ಪ್ರಶ್ನೆ ಗೊತ್ತಿದ್ದದ್ದೇ: ಹಾಗಾದರೆ ರಾಗಿ? 2025ರ ಅದೇ ವರದಿಯಲ್ಲಿ ಇದಕ್ಕೆ ಉತ್ತರವಿದೆ, ಅದು ಅಷ್ಟು ಸಿಹಿಯಲ್ಲ. ಅನ್ನ ಬಿಟ್ಟು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಹೋದ ಮಾತ್ರಕ್ಕೆ, ಒಟ್ಟು ಪಿಷ್ಟ ಇಳಿಯದಿದ್ದರೆ, ಅಪಾಯ ಇಳಿಯುವುದು ಕಾಣಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು, ಶಕ್ತಿಯ ಶೇ. 5ರಷ್ಟನ್ನು, ಬೇಳೆಕಾಳು ಅಥವಾ ಹಾಲು ಮೊಸರಿನ ಪ್ರೋಟೀನ್‌ಗೆ ಬದಲಿಸಿದರೆ ಇಳಿಯುತ್ತದೆ ಎಂದು ಕಂಡಿತು. ರಾಗಿಯಲ್ಲಿ ನಾರು ಇದೆ, ಸುಣ್ಣದ ಅಂಶ ಇದೆ, ಅದು ಒಳ್ಳೆಯ ಧಾನ್ಯ. ಆದರೆ ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡರೆ ರಾಗಿ ಕಾಪಾಡುವುದಿಲ್ಲ. ಚಿಕ್ಕ ಮುದ್ದೆ, ಜತೆಗೆ ಹುರುಳಿಕಾಳಿನ ಸಾರು ಅಥವಾ ಮೊಳಕೆಕಾಳಿನ ಬಸ್ಸಾರು, ಒಂದು ಬಟ್ಟಲು ಸೊಪ್ಪಿನ ಪಲ್ಯ. ಹಳೆ ಮೈಸೂರು ಕಡೆಯ ಈ ಊಟ ಆ ವರದಿಯ ಸಲಹೆಗೆ ಹತ್ತಿರದ್ದು. ಹಿಂದೆ ಮುದ್ದೆ ಉಂಡವರು ಹೊಲದಲ್ಲಿ ಬೆವರು ಸುರಿಸುತ್ತಿದ್ದರು ಎಂಬುದನ್ನೂ ಮರೆಯಬಾರದು. ಇಂಡಿಯಾಬ್‌ನ ಮೊದಲ ಹಂತದಲ್ಲೇ ಅರ್ಧಕ್ಕಿಂತ ಹೆಚ್ಚು ಜನ, ಶೇ. 54.4 ಮಂದಿ, ಸಾಕಷ್ಟು ಮೈ ಆಡಿಸದವರು ಎಂದು ಕಂಡಿತ್ತು.

ಟೇಪು ಹಿಡಿದು ಹಾಕುವ ಅಂಕ

ರಕ್ತ ತೆಗೆಯುವ ಮೊದಲೇ ಅಪಾಯ ಅಳೆಯುವ ಒಂದು ವಿಧಾನವನ್ನು ಚೆನ್ನೈನ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ಮಾಡಿಕೊಟ್ಟಿದೆ. 100 ಅಂಕ, ನಾಲ್ಕೇ ಪ್ರಶ್ನೆ: ವಯಸ್ಸು, ಸೊಂಟ, ಮೈ ಆಡಿಸುವುದು, ತಂದೆ ತಾಯಿಗೆ ಶುಗರ್ ಇದೆಯೇ ಎಂಬುದು.

42 ವರ್ಷದ ಒಬ್ಬ ಗಂಡಸನ್ನು ಊಹಿಸಿಕೊಳ್ಳಿ. 35ರಿಂದ 49ರ ವಯಸ್ಸಿಗೆ 20. ಸೊಂಟ 94 ಸೆಂ.ಮೀ., ಅದಕ್ಕೆ 10. ಕೂತು ಮಾಡುವ ಕೆಲಸ, ವ್ಯಾಯಾಮವೂ ಇಲ್ಲ, 30. ತಾಯಿಗೆ ಶುಗರ್ ಇದೆ, 10. ಒಟ್ಟು 70. ಅಂಕ 60 ಮುಟ್ಟಿದರೆ ಅಪಾಯ ಹೆಚ್ಚು, ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕು. ಇವರ 70ರಲ್ಲಿ ವಯಸ್ಸು ಮತ್ತು ತಾಯಿಯಿಂದ ಬಂದ 30ನ್ನು ಯಾರೂ ಬದಲಿಸಲಾರರು. ಉಳಿದ 40 ಅವರ ಕೈಯಲ್ಲೇ ಇದೆ.

ಪರೀಕ್ಷೆ ಮಾಡಿಸುವಾಗ ಖಾಲಿ ಹೊಟ್ಟೆಯದನ್ನು ಮಾತ್ರ ನೋಡಿ ಸುಮ್ಮನಾಗದೆ, ಸಾಧ್ಯವಾದರೆ ಎರಡು ಗಂಟೆಯ ಗ್ಲೂಕೋಸ್ ಪರೀಕ್ಷೆ ಕೇಳಿ. ಎಚ್‌ಬಿಎ1ಸಿ ಮಾಡಿಸಿದರೆ ಜತೆಗೆ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ನೋಡಿಸಿ. ಮೇಲೆ ಹೇಳಿದ ಜಗಳದಿಂದ ಓದುಗರಿಗೆ ಸಿಗುವ ನೇರ ಉಪಯೋಗ ಇದು.

ತಪಾಸಣೆ ಯಾರಿಗೆ ತಲುಪುತ್ತಿಲ್ಲ

30 ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕೆಂಬ ಕಾರ್ಯಕ್ರಮ ದೇಶದಾದ್ಯಂತ ಇದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಫಾರಂ ತುಂಬುವುದು ಅದಕ್ಕೇ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆ ತಪಾಸಣೆಯನ್ನು ಮನೆ ಬಾಗಿಲಿಗೇ ತರುವ ಪ್ರಯತ್ನ. ಇದು ಸರಿಯಾದ ದಾರಿ. ಬಾರ್ಡರ್ ಬಂದವರನ್ನು ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಕರೆದು ನೋಡಿದರೆ ಮಾತ್ರ ಇದರ ಫಲ ಸಿಗುತ್ತದೆ. ಒಂದು ಸಲ ಬೆರಳು ಚುಚ್ಚಿ ಅಂಕಿ ಬರೆದುಕೊಂಡು ಹೋದರೆ ಸಮೀಕ್ಷೆಗೆ ಇನ್ನೊಂದು ಸಂಖ್ಯೆ ಸಿಗುತ್ತದೆ ಅಷ್ಟೇ.

ಈ ಜಾಲರಿಯಿಂದ ನುಸುಳಿಹೋಗುವವರು 30ರ ಒಳಗಿನವರು, ಅದರಲ್ಲೂ ಬಸುರಿಯಾಗಿದ್ದಾಗ ಶುಗರ್ ಬಂದು, ಹೆರಿಗೆಯಾದ ಮೇಲೆ ಇಳಿದ ಹೆಣ್ಣುಮಕ್ಕಳು. ಮುಂದೆ ಇವರಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದ ತಾಯಂದಿರಿಗಿಂತ ಸುಮಾರು 7 ಪಟ್ಟು. ಇದು ತಾಯಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದೆ. ಆ ಹಳೆಯ ದಾಖಲೆ ಹಿಡಿದು ದೊಡ್ಡವರಾದ ಮಕ್ಕಳನ್ನು ಹುಡುಕಿದ ಸಂಶೋಧಕರು, ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರಲ್ಲಿ, ತೂಕ ಜಾಸ್ತಿಯಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂದು 1998ರಲ್ಲಿ ತೋರಿಸಿದರು. ಅದೇ ಆಸ್ಪತ್ರೆಯಲ್ಲಿ 1997ರಿಂದ ನಡೆದ ಇನ್ನೊಂದು ಅಧ್ಯಯನದಲ್ಲಿ, ಬಸುರಿಯಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳ ಮೈಯಲ್ಲಿ ಶಾಲೆಯ ವಯಸ್ಸಿಗೇ ಕೊಬ್ಬು ಹೆಚ್ಚು ಸೇರಿತ್ತು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಇಂಥ ತಾಯಂದಿರಿಗೆ ಹೆರಿಗೆಯಾದ 6 ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಬಸುರಿಯಲ್ಲಿ ಬಂದ ಶುಗರ್ ತಾಯಿ ಕಾರ್ಡ್‌ನಲ್ಲಿ ಬರೆದೇ ಇರುತ್ತದೆ. ಮಗುವಿಗೆ ಮೊದಲ ಪೆಂಟಾವೇಲೆಂಟ್ ಲಸಿಕೆ ಹಾಕಿಸುವುದೂ 6 ವಾರಕ್ಕೇ. ತಾಯಿ ಮಗುವನ್ನು ಎತ್ತಿಕೊಂಡು ಆ ದಿನ ಹೇಗೂ ಬಂದಿರುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಬಾರಮ್ಮ ಎಂದು ಆಶಾ ಹಿಂದಿನ ದಿನವೇ ಹೇಳಿದ್ದರೆ, ಎರಡು ಗಂಟೆ ಅಲ್ಲೇ ಬೆಂಚಿನ ಮೇಲೆ ಕೂರಿಸಿದರೆ, ಮಗುವಿನ ಲಸಿಕೆಯ ಜತೆ ಅವಳ ಪರೀಕ್ಷೆಯೂ ಮುಗಿಯುತ್ತದೆ.